ತೋಟದ ಕೋವಿ, ಹಾರುವ ಬಿಲ್ಲೆ

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟದ ಮನೆಗಳಲ್ಲಿ ಕೋವಿ ಎಂಬುದು ಹಾರೆ, ಪಿಕ್ಕಾಸು, ಏಣಿಗಳ ಸಾಲಿಗೆ ಸೇರಿದ ವಸ್ತು. ಅದನ್ನು ಆಯುಧ ಎಂದು ಯಾರೂ ಕರೆಯುವುದಿಲ್ಲ. ಮಂಗಗಳ ಹಿಂಡು ಬೊಂಡಕ್ಕೆ ಬಂದಾಗ, ರಾತ್ರಿ ಹಂದಿಗಳು ಬಾಳೆಯ ಬುಡ ಅಗೆದಾಗ ಅದರ ನೆನಪಾಗುತ್ತದೆ. ಉಳಿದ ದಿನ ಒಳಕೋಣೆಯ ಗೋಡೆಗೆ ಒರಗಿಕೊಂಡಿರುತ್ತದೆ. ಈ ಕಡೆ ‘ಮದ್ದು’ ಎಂಬ ಮಾತಿಗೂ ಮೂರು ಅರ್ಥ: ಡಾಕ್ಟರರು ಕೊಡುವುದು, ಕೊಳೆರೋಗಕ್ಕೆ ಬಿಡುವುದು, ಕೋವಿಗೆ ತುಂಬುವುದು. ಯಾವ ಮದ್ದಿನ ಮಾತು ಎಂಬುದು ಮಾತನಾಡುವವರ ಮುಖ ನೋಡಿದರೆ ತಿಳಿಯುತ್ತದೆ.

ಈ ಕೋವಿಗಳಲ್ಲಿ ಹಳೆಯದು ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗಜದಿಂದ ಜಡಿದು, ಚರೆ ಹಾಕಿ, ಹಿಂದೆ ಕೇಪು ಇಟ್ಟು ಹೊಡೆಯುವಂಥದ್ದು. ಹೊಸದು ತೋಟಾ ಕೋವಿ, ಒಂಟಿ ನಳಿಗೆಯದೋ ಜೋಡು ನಳಿಗೆಯದೋ; ಮುರಿದು ತೋಟಾ ಹಾಕಿದರಾಯಿತು. 1959ರ ಶಸ್ತ್ರಾಸ್ತ್ರ ಕಾಯಿದೆಯೇ ಬೆಳೆ ರಕ್ಷಣೆಯ ಕೇಪಿನ ಕೋವಿಯನ್ನು ಹೆಸರಿಟ್ಟು ಹೇಳುತ್ತದೆ. ಆದರೆ ಪರವಾನಗಿ ಇರುವುದು ಕೋವಿಗೆ, ಪ್ರಾಣಿಯನ್ನು ಕೊಲ್ಲುವುದಕ್ಕಲ್ಲ. ವನ್ಯಜೀವಿ ಕಾಯಿದೆ ಬೇರೆಯೇ ಇದೆ. ಹಾಗಾಗಿ ಹೆಚ್ಚಿನ ಈಡುಗಳು ಆಕಾಶಕ್ಕೇ ಹೋಗುತ್ತವೆ, ಬೆದರಿಸುವುದಕ್ಕೆ.

ಗಡಿಯ ಆಚೆ ಕತೆ ಬೇರೆ. ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳು ಒಂದು ಕಾಲಕ್ಕೆ ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದಾಗ ಇವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. 1837ರ ದಂಗೆ ಹೊತ್ತಿಕೊಂಡದ್ದು ಈ ನೆಲದಲ್ಲಿಯೇ. 1861ರಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಲಾಗಿದೆ. ಸಂಪಾಜೆಯ ಘಾಟಿ ಇಳಿದ ಮೇಲೆ ಈಚಿನವರಿಗೆ ಅರ್ಜಿ, ಠಾಣೆ, ಜಿಲ್ಲಾಧಿಕಾರಿ ಕಚೇರಿ; ಚುನಾವಣೆ ಬಂತೆಂದರೆ ಕೋವಿಯನ್ನು ಠೇವಣಿ ಇಡಬೇಕೆಂಬ ಸೂಚನೆ, ಅದೇ ಹೊತ್ತಿಗೆ ತೋಟದಲ್ಲಿ ಮಂಗ.

ಹೀಗೆ ಕೋವಿಯ ಜತೆಗೇ ಬೆಳೆದ ಮನೆಯೊಂದರಲ್ಲಿ ಹೊಸ ಪ್ರಶ್ನೆ ಎದ್ದಿದೆ. ಸುಳ್ಯದಿಂದ ಒಳಗಿನ ಒಂದು ಊರು. ಮಗಳು ಬಿಎಸ್ಸಿ ಎರಡನೆಯ ವರ್ಷ, ವಯಸ್ಸು 19. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ಸ್ಕೀಟ್ ಸ್ಪರ್ಧೆಯಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಚೀನಾದ ಜೋಡಿಯ ಎದುರು 43-44ರಿಂದ, ಬರೀ ಒಂದು ಬಿಲ್ಲೆಯಿಂದ, ಕಂಚು ಕಳೆದುಕೊಂಡರು. ಅಂದಿನಿಂದ ಆ ಹುಡುಗಿಗೆ ಆ ಒಂದು ಬಿಲ್ಲೆಯದೇ ಧ್ಯಾನ. ತನಗೂ ಕಲಿಯಬೇಕು, ಅದಕ್ಕೆ ಕಡಿಮೆ ಬೆಲೆಯ ಒಂದು ಕೋವಿ ಸಾಕು ಎಂದಳು. ಅಪ್ಪ, “ಮನೆಯಲ್ಲಿ ಕೋವಿ ಇದೆಯಲ್ಲ ಮಗಾ, ಇನ್ನೊಂದು ಯಾಕೆ?” ಎಂದರು. ಅಜ್ಜಿಗೆ ಬಿಲ್ಲೆಯ ಮೇಲೆಯೇ ಸಂಶಯ: “ಅದು ಏನು, ಬೊಂಡ ಕುಡಿಯುತ್ತದಾ?”

ಅಪ್ಪನ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಸಿಗಬೇಕಾದರೆ ಮೊದಲು ಬಿಲ್ಲೆಯನ್ನು ನೋಡಬೇಕು.

ಇಂಗ್ಲಿಷಿನಲ್ಲಿ ಇದನ್ನು ಮಣ್ಣಿನ ಪಾರಿವಾಳ ಎನ್ನುತ್ತಾರೆ. ಈಗ ಅದರಲ್ಲಿ ಮಣ್ಣೂ ಇಲ್ಲ, ಪಾರಿವಾಳವೂ ಇಲ್ಲ. ಸುಣ್ಣದಕಲ್ಲಿನ ಪುಡಿಯನ್ನು ಕೀಲಿನಂಥ ಅಂಟಿನಲ್ಲಿ ಕಲಸಿ ಅಚ್ಚು ಹಾಕಿದ ತಟ್ಟೆ. ಅಡ್ಡಳತೆ 11 ಸೆಂ.ಮೀ., ತೂಕ ಸುಮಾರು 105 ಗ್ರಾಂ. ಮೊದಲು ಪೆಟ್ಟಿಗೆಯಿಂದ ಜೀವಂತ ಪಾರಿವಾಳ ಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಕೂಟದಲ್ಲಿ ಹಾಗೆಯೇ ನಡೆಯಿತು. ಗಾಜಿನ ಗೋಲಿಗಳನ್ನು ಹಾರಿಸಿ ನೋಡಿದ್ದೂ ಉಂಟು. 1880ರಲ್ಲಿ ಅಮೆರಿಕದ ಲಿಗೋವ್‌ಸ್ಕಿ ಎಂಬಾತ ಮಣ್ಣಿನ ತಟ್ಟೆಗೆ ಪೇಟೆಂಟ್ ಪಡೆದ. ಮುಂದೆ ಹಕ್ಕಿಗಳು ಬದುಕಿದವು.

ಟ್ರ್ಯಾಪ್ ಆಟದಲ್ಲಿ ಬಿಲ್ಲೆ ಮುಂದಿನ ಗುಂಡಿಯಿಂದ ಎದ್ದು ದೂರ ಓಡುತ್ತದೆ. ಯಾವ ಕಡೆಗೆ ಎಂದು ಮೊದಲೇ ತಿಳಿಯುವುದಿಲ್ಲ, ವೇಗ ಗಂಟೆಗೆ 100 ಕಿ.ಮೀ.ಗಿಂತ ಹೆಚ್ಚು. ಸ್ಕೀಟ್‌ನಲ್ಲಿ ಎಡಬಲದ ಎರಡು ಗೂಡುಗಳಿಂದ ಅಡ್ಡಲಾಗಿ ಹಾರುತ್ತದೆ. ಒಂದು ಸರಣಿಗೆ 25 ಬಿಲ್ಲೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಈ ಕಡೆಯವರಿಗೆ ಪರಿಚಿತ. ಅದೂ ಕಷ್ಟದ ಆಟವೇ. ಆದರೆ ತೆಂಗಿನಕಾಯಿ ಓಡುವುದಿಲ್ಲ. ನಿಂತದ್ದಕ್ಕೆ ಗುರಿ ಇಡಬೇಕು. ಓಡುವುದಕ್ಕೆ ಗುರಿ ಇಟ್ಟರೆ ತಪ್ಪುತ್ತದೆ.

ಲೆಕ್ಕ ನೋಡಿ. ಸ್ಕೀಟ್‌ನ ಬಿಲ್ಲೆ 20 ಮೀಟರ್ ದೂರದಲ್ಲಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಅಡ್ಡ ಹೋಗುತ್ತಿದೆ ಎಂದುಕೊಳ್ಳಿ. ನಳಿಗೆ ಬಿಟ್ಟ ಚರೆ ಗಾಳಿಯಲ್ಲಿ ನಿಧಾನವಾಗುತ್ತದೆ. ಆ 20 ಮೀಟರಿಗೆ ಸರಾಸರಿ ಸೆಕೆಂಡಿಗೆ 330 ಮೀಟರ್ ಹಿಡಿದರೆ 0.06 ಸೆಕೆಂಡ್ ಬೇಕು. ಅಷ್ಟರಲ್ಲಿ ಬಿಲ್ಲೆ 1.2 ಮೀಟರ್ ಮುಂದೆ ಹೋಗಿಯಾಯಿತು. ಬಿಲ್ಲೆಯನ್ನೇ ನೋಡಿ ಹೊಡೆದವನ ಚರೆಯೆಲ್ಲ ನಾಲ್ಕು ಅಡಿ ಹಿಂದೆ ಬೀಳುತ್ತದೆ. ಆದ್ದರಿಂದ ಕೋವಿ ಬಿಲ್ಲೆಯ ಜತೆಗೇ ಓಡಬೇಕು, ಅದನ್ನು ದಾಟಬೇಕು, ಟ್ರಿಗರ್ ಎಳೆದ ಮೇಲೂ ನಿಲ್ಲಬಾರದು. ಕಣ್ಣು ಬಿಲ್ಲೆಯಲ್ಲಿ, ಕೋವಿ ಕೈಯ ಮುಂದುವರಿಕೆಯಂತೆ. ಇದಕ್ಕೆಲ್ಲ ಕೋವಿ ಮೈಗೆ ಹೊಂದಿರಬೇಕು. ಅಪ್ಪನ ಕೋವಿಯ ಮೊದಲ ತೊಡಕು ಇಲ್ಲಿದೆ.

ಭುಜಕ್ಕೆ ಆನಿಸುವ ಮರದ ಹಿಡಿಯ ತುದಿಯಿಂದ ಟ್ರಿಗರಿಗೆ ಇರುವ ದೂರ ಸಾಮಾನ್ಯ ಗಂಡಸಿನ ಅಳತೆಯ ಕೋವಿಯಲ್ಲಿ 36-37 ಸೆಂ.ಮೀ. ಸಣ್ಣ ಮೈಕಟ್ಟಿನ ಹುಡುಗಿಗೆ ಎರಡು ಮೂರು ಸೆಂ.ಮೀ. ಕಡಿಮೆ ಸಾಕು. ಉದ್ದ ಹೆಚ್ಚಾದರೆ ಹಿಡಿ ಕಂಕುಳ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಭುಜ ತಪ್ಪಿ ತೋಳಿಗೆ ಕೂರುತ್ತದೆ, ಸಂಜೆಗೆ ತೋಳು ನೀಲಿ. ತೀರ ಚಿಕ್ಕದಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಪರೀಕ್ಷೆ ಸುಲಭ. ಖಾಲಿ ಎಂದು ಎರಡು ಸಲ ನೋಡಿದ ಕೋವಿಯನ್ನು, ತಿಳಿದವರ ಎದುರಿನಲ್ಲಿ, ಕಣ್ಣು ಮುಚ್ಚಿ ಭುಜಕ್ಕೆ ಏರಿಸಬೇಕು. ಕಣ್ಣು ತೆರೆದಾಗ ನೋಟ ನಳಿಗೆಯ ಬೆನ್ನಿನ ಮೇಲೆ ನೇರವಾಗಿ ಓಡಿದರೆ ಕೋವಿ ಹೊಂದಿತು. ನಳಿಗೆಯ ಹಿಂಬದಿಯೇ ಕಣ್ಣಿಗೆ ಅಡ್ಡ ಬಂದರೆ ಅಥವಾ ಕುತ್ತಿಗೆ ಉದ್ದ ಮಾಡಬೇಕಾದರೆ ಅದು ಬೇರೆಯವರ ಕೋವಿ, ಎಷ್ಟು ಅಗ್ಗಕ್ಕೆ ಸಿಕ್ಕಿದರೂ.

ಎರಡನೆಯದು ತೂಕ. ಹೊಸಬರು ಹಗುರ ಕೋವಿಯನ್ನೇ ಎತ್ತಿಕೊಳ್ಳುತ್ತಾರೆ, ಹುಡುಗಿಯರಿಗಂತೂ ಅಂಗಡಿಯವರು ಅದನ್ನೇ ಮುಂದೆ ಮಾಡುತ್ತಾರೆ. ನ್ಯೂಟನ್ನನ ಮೂರನೆಯ ನಿಯಮ ಓದಿದ ವಿದ್ಯಾರ್ಥಿ ಇಲ್ಲಿ ಒಂದು ಕಾಗದ ತೆಗೆದುಕೊಳ್ಳಲಿ. ಸ್ಪರ್ಧೆಯ ತೋಟಾದಲ್ಲಿ 24 ಗ್ರಾಂ ಚರೆ ಇರುತ್ತದೆ. ಅದು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 9.6, ಒಳಗಿನ ಬೆಣೆ, ಹೊಗೆ, ಅನಿಲಗಳನ್ನು ಸೇರಿಸಿ ಸುಮಾರು 12 ಎನ್ನೋಣ. ಇಷ್ಟೇ ಸಂವೇಗ ಕೋವಿಗೆ ಹಿಮ್ಮುಖವಾಗಿ ಬರುತ್ತದೆ. ಕೋವಿ 3.6 ಕೆ.ಜಿ. ಇದ್ದರೆ ಭುಜಕ್ಕೆ ಬೀಳುವ ಒದೆತದ ಶಕ್ತಿ 20 ಜೂಲ್, 3 ಕೆ.ಜಿ. ಇದ್ದರೆ 24 ಜೂಲ್. ಅದೇ 3 ಕೆ.ಜಿ. ಕೋವಿಗೆ ಬೇಟೆಯ 32 ಗ್ರಾಂ ತೋಟಾ ಹಾಕಿದರೆ 40 ಜೂಲ್ ದಾಟುತ್ತದೆ. ಮಂಗನಿಗೆ ಎರಡು ಈಡು ಬಿಡುವವನಿಗೆ ಇದು ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ 100 ತೋಟಾ ಹಾರಿಸುವ ಅಭ್ಯಾಸಿಗೆ, 30ನೆಯ ಈಡಿನ ಹೊತ್ತಿಗೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚತೊಡಗುತ್ತದೆ. ಆ ಹೆದರಿಕೆ ಒಮ್ಮೆ ಮೈಗೆ ಹತ್ತಿದರೆ ಬಿಡಿಸಲು ವರ್ಷ ಬೇಕು. ಆದ್ದರಿಂದ ಮೊದಲ ಕೋವಿ ಎತ್ತಲು ಸ್ವಲ್ಪ ಭಾರವೇ ಇರಲಿ. ಬೆಳಗ್ಗೆ ಎರಡು ಕೊಡ ನೀರು ಹೊತ್ತ ತೋಳಿಗೆ ಅದು ದೊಡ್ಡದಲ್ಲ.

ಮೂರನೆಯದು ನಳಿಗೆ. ಹನ್ನೆರಡು ಬೋರ್ ಎಂದರೆ ಏನು ಎಂದು ಕೋವಿ ಇರುವ ಮನೆಯ ಮಕ್ಕಳಿಗೂ ತಿಳಿದಿರುವುದಿಲ್ಲ. ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಉಂಡೆ ಮಾಡಿದರೆ ಒಂದೊಂದು ಉಂಡೆ ಹಿಡಿಸುವ ಕೊಳವೆ, ಅಷ್ಟೆ. ಸೀಸದ ಸಾಂದ್ರತೆ 11.34, ಗೋಳದ ಸೂತ್ರ ಹಾಕಿದರೆ ಅಡ್ಡಳತೆ 18.5 ಮಿ.ಮೀ. ಬರುತ್ತದೆ. ಆದ್ದರಿಂದಲೇ 20 ಬೋರ್ 12ಕ್ಕಿಂತ ಸಣ್ಣದು. ನಳಿಗೆಯ ಬಾಯಿ ಸ್ವಲ್ಪ ಕಿರಿದಾಗಿರುವುದಕ್ಕೆ ಚೋಕ್ ಎನ್ನುತ್ತಾರೆ. ಪೂರ್ತಿ ಚೋಕ್ ಇದ್ದರೆ 40 ಗಜ ದೂರದ 30 ಇಂಚಿನ ವೃತ್ತದೊಳಗೆ ನೂರರಲ್ಲಿ 70 ಚರೆ ಬೀಳುತ್ತವೆ. ಚೋಕ್ ಇಲ್ಲದಿದ್ದರೆ 40. ತೋಟದ ಕೋವಿಗಳು ಎತ್ತರದ ಮರಕ್ಕೆಂದು ಬಿಗಿ ಚೋಕ್‌ನವೇ ಹೆಚ್ಚು. 20 ಮೀಟರಿನ ಸ್ಕೀಟ್‌ಗೆ ಅಂಥ ನಳಿಗೆ ಹಿಡಿದರೆ ಚರೆಯೆಲ್ಲ ಒಂದು ಹಿಡಿಯಷ್ಟು ಜಾಗದಲ್ಲಿ ಹೋಗುತ್ತದೆ. ತಗಲಿದರೆ ಬಿಲ್ಲೆ ಹೊಗೆಯಾಗುತ್ತದೆ, ಆದರೆ ಹೊಸಬನಿಗೆ ತಗಲುವುದೇ ಅಪರೂಪ.

ಅಟ್ಟದ ಮೇಲಿನ ಅಜ್ಜನ ಕಾಲದ ತೋಟಾ ಕೋವಿಗೆ ಇನ್ನೊಂದು ಎಚ್ಚರಿಕೆ ಬೇಕು. ಹಳೆಯ ಕೋವಿಗಳಲ್ಲಿ ಹಲವು 65 ಮಿ.ಮೀ. ತೋಟಾಕ್ಕೆಂದು ಮಾಡಿದವು. ಇಂದು ಸಿಗುವ 70 ಮಿ.ಮೀ. ತೋಟಾದ ಬಾಯಿ ಮಡಚಿರುವುದರಿಂದ ಅದು ಹಳೆಯ ಕೋವಿಯೊಳಗೂ ಸಲೀಸಾಗಿ ಕೂರುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಸರಿಯಾಯಿತು ಎಂದಲ್ಲ. ಕಬ್ಬಿಣದ ಪಟ್ಟಿಗಳನ್ನು ಹೊಸೆದು ಮಾಡಿದ, ಮೈಮೇಲೆ ಅಲೆಯಂಥ ಗೀರುಗಳಿರುವ ಹಳೆಯ ನಳಿಗೆಗಳು ಕರಿಮದ್ದಿನ ಕಾಲದವು. ನೋಡಲು ಚೆಂದ, ಗೋಡೆಯ ಮೇಲೆಯೇ ಇರಲಿ.

ಇದೆಲ್ಲ ಕೇಳಿದ ಅಪ್ಪ, ಹಾಗಾದರೆ ಹೊಸದೇ ನೋಡೋಣ ಎಂದರು. ಅಡಿಕೆಗೆ ಬೆಲೆ ಇದ್ದ ವರ್ಷ. ಆದರೆ ಕಡಿಮೆ ಬೆಲೆ ಎಂಬುದು ಇಲ್ಲಿ ಎರಡು ಮುಖದ ಮಾತು. ನಮ್ಮ ದೇಶದಲ್ಲಿ ತಯಾರಾಗುವ, ನಳಿಗೆಗಳು ಅಕ್ಕಪಕ್ಕ ಇರುವ ಜೋಡು ಕೋವಿ ಅಗ್ಗದ್ದು, ಗಟ್ಟಿ, ತೋಟದ ಕೆಲಸಕ್ಕೆ ಸಾಕು. ಸ್ಪರ್ಧೆಯವರೆಲ್ಲ ಹಿಡಿಯುವುದು ನಳಿಗೆಗಳು ಒಂದರ ಮೇಲೊಂದು ಇರುವ ಕೋವಿ. ಕಣ್ಣಿಗೆ ಒಂದೇ ನಳಿಗೆಯ ಗೆರೆ ಕಾಣುವುದರಿಂದ ಬಿಲ್ಲೆಯ ಜತೆ ಓಡಿಸುವುದು ಸುಲಭ. ಇಟಲಿಯ ಪೆರಾಜಿ, ಬೆರೆಟ್ಟಾಗಳು ಇಂಥವು, ಒಂದು ಕಾರಿನ ಬೆಲೆಯವು. ಸಾಮಾನ್ಯ ಪರವಾನಗಿದಾರ ಅವನ್ನು ವಿದೇಶದಿಂದ ತರಿಸಿಕೊಳ್ಳುವಂತೆಯೂ ಇಲ್ಲ. ಸ್ಪರ್ಧೆಗಳಲ್ಲಿ ಅಂಕ ಗಳಿಸಿ ಮಾನ್ಯತೆ ಪಡೆದವರಿಗೆ ಆ ಅವಕಾಶ. ಹೀಗಾಗಿ ಮೊದಲ ಕೋವಿ ಸಾಮಾನ್ಯವಾಗಿ ಇನ್ನೊಬ್ಬರು ಬಳಸಿದ್ದು. ಅದರಲ್ಲಿ ತಪ್ಪಿಲ್ಲ. ಒಳ್ಳೆಯ ಕೋವಿಗೆ ಮನುಷ್ಯನಿಗಿಂತ ಹೆಚ್ಚು ಆಯುಸ್ಸು.

ಬಳಸಿದ ಕೋವಿಯನ್ನು ಎತ್ತು ಕೊಳ್ಳುವಂತೆ ನೋಡಬೇಕು, ಮೈಯ ಹೊಳಪು ನೋಡಿ ಮರುಳಾಗಬಾರದು. ಮುಂದಿನ ಮರದ ಭಾಗ ಕಳಚಿ, ಮುಚ್ಚಿದ ಕೋವಿಯನ್ನು ಅಲುಗಾಡಿಸಿದರೆ ನಳಿಗೆ ಕಟಕಟ ಎನ್ನಬಾರದು. ಎಂದರೆ ಕೀಲು ಸವೆದಿದೆ. ನಳಿಗೆಯೊಳಗೆ ಬೆಳಕಿಗೆ ಹಿಡಿದಾಗ ತುಕ್ಕಿನ ಗುಳಿ, ಹೊರಗಿನಿಂದ ತಗ್ಗಿದ ಗುರುತು ಕಾಣಬಾರದು. ಈ ಕಡೆಯ ನಾಲ್ಕು ತಿಂಗಳ ಮಳೆಯಲ್ಲಿ ಎಣ್ಣೆ ಕಾಣದ ಕೋವಿ ಒಂದೇ ವರ್ಷದಲ್ಲಿ ಗುಳಿ ಬೀಳುತ್ತದೆ. ತೋಟಾ ಕೂರುವ ಜಾಗದ ಅಳತೆ ನಳಿಗೆಯ ಮೇಲೆ ಕೊರೆದಿರುತ್ತದೆ, ಓದಿಕೊಳ್ಳಬೇಕು. ಹಿಡಿಯ ಮರ ಕತ್ತಿನಲ್ಲಿ ಬಿರಿದಿರಬಾರದು. ಕೊನೆಗೆ, ಕೋವಿಯ ಸಂಖ್ಯೆಯೂ ಕಾಗದದ ಸಂಖ್ಯೆಯೂ ಒಂದೇ ಇರಬೇಕು. ಪರವಾನಗಿ ಇರುವ ವ್ಯಾಪಾರಿಯನ್ನು ಬಿಟ್ಟು ‘ನಮ್ಮವರೇ ಒಬ್ಬರದ್ದು ಇದೆ’ ಎಂಬ ಮಾತಿಗೆ ಕೈಹಾಕಿದರೆ ಉಳಿಸಿದ ಹಣಕ್ಕಿಂತ ಹೆಚ್ಚು ವಕೀಲರಿಗೆ ಹೋಗುತ್ತದೆ.

ಆದರೆ ಕೋವಿಯ ಬೆಲೆ ಒಮ್ಮೆ ಕೊಡುವುದು. ತೋಟಾದ ಬೆಲೆ ದಿನವೂ. ಅರ್ಹತಾ ಸುತ್ತಿಗೆ 125 ಬಿಲ್ಲೆ. ಟ್ರ್ಯಾಪ್‌ನಲ್ಲಿ ಒಂದಕ್ಕೆ ಎರಡು ಈಡು ಬಿಡುವುದೂ ಉಂಟು. ತೋಟದ ಪರವಾನಗಿಯಲ್ಲಿ ವರ್ಷಕ್ಕೆ ಬರೆದಿರುವ ತೋಟಾ ಒಂದೆರಡು ದಿನದ ಅಭ್ಯಾಸಕ್ಕೇ ಮುಗಿದೀತು. ಕ್ರೀಡಾಪಟುವಿಗೆ ಬೇರೆ ಲೆಕ್ಕ ಇದೆ, ಅದು ರೈಫಲ್ ಸಂಸ್ಥೆಯ ಮೂಲಕ ಬರಬೇಕು. ಅಭ್ಯಾಸದ ಜಾಗವೂ ಮನೆಯ ಹತ್ತಿರ ಇಲ್ಲ. ದೆಹಲಿಯ ತುಘಲಕಾಬಾದಿನಲ್ಲಿ ಡಾ. ಕರ್ಣಿಸಿಂಗ್ ಹೆಸರಿನ ಮೈದಾನ ಇದೆ, ಹೈದರಾಬಾದಿನಲ್ಲಿ ಒಂದು ಇದೆ. ಬಿಕಾನೇರಿನ ಅರಸುಮನೆತನದ ಆ ಕರ್ಣಿಸಿಂಗ್ 1962ರಲ್ಲಿ ಕೈರೋದ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದು, ಐದು ಒಲಿಂಪಿಕ್ಸ್ ಆಡಿದವರು. ಅರಸರ ಆಟ ಎಂದು ಬಿಡಬೇಕಾಗಿಲ್ಲ. 2004ರಲ್ಲಿ ಅಥೆನ್ಸಿನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ತಂದ ರಾಜ್ಯವರ್ಧನ ರಾಠೋಡ್ ಆಗ ಸೈನ್ಯದ ಅಧಿಕಾರಿಯಾಗಿದ್ದರು. ಆದರೂ ಖರ್ಚಿನ ಆಟ ಎಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು.

ತೋಟದಲ್ಲೇ ಬಿಲ್ಲೆ ಹಾರಿಸಿ ಹೊಡೆದರೇನು ಎಂದು ಹುಡುಗಿ ಕೇಳಿದಳು. ಚರೆಯ ಅಡ್ಡಳತೆ ಮಿಲಿಮೀಟರಿನಲ್ಲಿ ಎಷ್ಟೋ ಅದರ ನೂರು ಪಟ್ಟು ಮೀಟರ್ ದೂರ ಅದು ಹೋಗಬಲ್ಲುದು ಎಂಬುದು ಸ್ಥೂಲ ಲೆಕ್ಕ. 2.4 ಮಿ.ಮೀ. ಚರೆಗೆ 240 ಮೀಟರ್. ಹತ್ತು ಎಕರೆಯ ಚೌಕ ತೋಟದ ಒಂದು ಬದಿ 200 ಮೀಟರ್. ನಡುವೆ ನಿಂತು ಯಾವ ಕಡೆಗೆ ಹೊಡೆದರೂ ಚರೆ ನೆರೆಯವರ ತೋಟದಲ್ಲಿ, ಅಲ್ಲಿ ಯಾರೋ ಅಡಿಕೆ ಹೆಕ್ಕುತ್ತಿರುತ್ತಾರೆ. ಉಳಿದ ಸೀಸ ಕೆರೆಗೆ. ಬೆಳೆ ರಕ್ಷಣೆಗೆಂದು ಕೊಟ್ಟ ಪರವಾನಗಿಯಲ್ಲಿ ಆಟ ಬರೆದಿರುವುದೂ ಇಲ್ಲ. ಅದು ಅಪ್ಪನ ಹೆಸರಿಗೆ ಇರುವುದು, ಮನೆಯ ಹೆಸರಿಗಲ್ಲ.

ಕಾನೂನು ಹುಡುಗಿಗೆ ಒಂದು ರೀತಿಯಲ್ಲಿ ಉಪಕಾರವನ್ನೇ ಮಾಡಿದೆ. 21 ತುಂಬದವರಿಗೆ ಪರವಾನಗಿ ಇಲ್ಲ. ತರಬೇತಿಯಲ್ಲಿ, ನಿಯಮಕ್ಕೆ ಒಳಪಟ್ಟು, ಮೇಲ್ವಿಚಾರಕರ ಎದುರಿನಲ್ಲಿ ಕಿರಿಯರೂ ಹೊಡೆಯಬಹುದು. ಅಂದರೆ ಎರಡು ವರ್ಷ ಕ್ಲಬ್ಬಿನ ಕೋವಿ ಹಿಡಿದು ನೋಡಲು ಸಮಯ ಸಿಕ್ಕಿತು. ನಾಲ್ಕು ಬಗೆಯ ಕೋವಿ ಹಿಡಿದವರಿಗೆ ತಮ್ಮ ಅಳತೆ ತಾನಾಗಿ ತಿಳಿಯುತ್ತದೆ. ಅಂಗಡಿಯಲ್ಲಿ ಮೊದಲ ಸಲ ಹಿಡಿದವರಿಗೆ ಬೆಲೆ ಮಾತ್ರ ತಿಳಿಯುತ್ತದೆ. ಪರವಾನಗಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು, ಅದೂ ಈ ಅವಧಿಯಲ್ಲಿ ಆದೀತು.

ಅಷ್ಟರಲ್ಲಿ ಕೋವಿಯಿಲ್ಲದೆ ಮಾಡಬಹುದಾದ ಒಂದು ಪ್ರಯೋಗ ಉಂಟು, ಯಾವ ವಿದ್ಯಾರ್ಥಿಯೂ ಅಂಗಳದಲ್ಲಿ ಮಾಡಬಹುದು. ಎರಡೂ ಕಣ್ಣು ತೆರೆದು ತೋರುಬೆರಳನ್ನು ದೂರದ ಅಡಿಕೆ ಮರದ ತುದಿಗೆ ಹಿಡಿಯಿರಿ. ಎಡಗಣ್ಣು ಮುಚ್ಚಿ. ಬೆರಳು ಮರದಲ್ಲೇ ಉಳಿದರೆ ಬಲಗಣ್ಣು ನಿಮ್ಮ ಯಜಮಾನ; ಬೆರಳು ಬದಿಗೆ ಹಾರಿದರೆ ಎಡಗಣ್ಣು. ಬಲಗೈಯವರಿಗೆ ಎಡಗಣ್ಣು ಯಜಮಾನನಾದರೆ ಕೋವಿ ಒಂದು ಕಡೆ, ನೋಟ ಇನ್ನೊಂದು ಕಡೆ. ಎಡ ಭುಜಕ್ಕೆ ಕಲಿಯುವುದೋ, ಕನ್ನಡಕದ ಎಡ ಗಾಜಿಗೆ ಚುಕ್ಕೆ ಅಂಟಿಸುವುದೋ, ಮೊದಲೇ ನಿರ್ಧರಿಸಬೇಕು. ಈ ಹುಡುಗಿಯದು ಎಡಗಣ್ಣು. ಕೆಲವು ಕೋವಿಗಳ ಹಿಡಿ ಬಲಗೈಯವರಿಗೆಂದು ಬದಿಗೆ ಬಾಗಿರುತ್ತದೆ. ಅವಸರದಲ್ಲಿ ಕೊಂಡಿದ್ದರೆ ಅಂಥದ್ದೇ ಮನೆಗೆ ಬರುತ್ತಿತ್ತು.

ಇನ್ನು ಮನೆಯ ಕೋವಿಯ ವಿಚಾರ. ಆಟದ ಮಾತು ಶುರುವಾದ ಮೇಲೆ ಈ ಮನೆಯಲ್ಲಿ ನಿಜವಾಗಿ ಬದಲಾದದ್ದು ಅದೇ. ಕೇಪಿನ ಕೋವಿಗೆ ಒಂದು ಕೆಟ್ಟ ಗುಣವಿದೆ: ತುಂಬಿದ್ದನ್ನು ಖಾಲಿ ಮಾಡುವುದು ರಗಳೆ. ಹಾಗಾಗಿ ಮಂಗ ಬಾರದೆ ಉಳಿದ ಈಡು ನಳಿಗೆಯಲ್ಲೇ ಇರುತ್ತದೆ, ಕೇಪು ಮಾತ್ರ ತೆಗೆದು ಗೋಡೆಗೆ ಒರಗಿಸುತ್ತಾರೆ. ಕೇಪು ತೆಗೆದದ್ದೋ ಇಲ್ಲವೋ ಎಂಬ ನೆನಪು ಒಬ್ಬರದ್ದು, ಎತ್ತುವ ಕೈ ಇನ್ನೊಬ್ಬರದ್ದು. ಹಂದಿ ದಾರಿಗೆ ಕಟ್ಟಿದ ಕೋವಿ ಮನುಷ್ಯರನ್ನು ಕೊಂದ ಸುದ್ದಿ, ಸ್ವಚ್ಛ ಮಾಡುವಾಗ ಸಿಡಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಶೂಟಿಂಗ್ ಮೈದಾನದಲ್ಲಿ ಮೊದಲ ದಿನ ಕಲಿಸುವುದು ಗುರಿಯನ್ನಲ್ಲ. ಹೊಡೆಯುವ ಜಾಗದಲ್ಲಿ ನಿಂತ ಮೇಲೆಯೇ ತೋಟಾ ಹಾಕಬೇಕು. ಅಲ್ಲಿಯವರೆಗೆ ಕೋವಿ ಮುರಿದು ತೆರೆದಿರಬೇಕು, ಖಾಲಿ ಎಂದು ಎದುರಿನವರಿಗೆ ಕಾಣಬೇಕು. ಖಾಲಿ ಇದ್ದರೂ ಬಾಯಿ ಯಾರ ಕಡೆಗೂ ತಿರುಗಬಾರದು. ಕಿವಿಗೆ ಮುಚ್ಚಳ, ಏಕೆಂದರೆ ಹನ್ನೆರಡು ಬೋರಿನ ಸದ್ದು 150 ಡೆಸಿಬೆಲ್ ದಾಟುತ್ತದೆ. ಒಮ್ಮೆ ಹೋದ ಕಿವಿ ಮರಳುವುದಿಲ್ಲ. ತೋಟದ ಹಿರಿಯರಲ್ಲಿ ಅನೇಕರು ಒಂದು ಕಿವಿಯನ್ನು ಮುಂದೆ ತಂದು ಮಾತು ಕೇಳುವುದಕ್ಕೆ ವಯಸ್ಸೊಂದೇ ಕಾರಣವಾಗಿರಲಾರದು.

ಮಗಳು ಇದನ್ನೆಲ್ಲ ಬರೆದುಕೊಂಡು ಬಂದು ಓದಿದಾಗ ಅಪ್ಪ ಸುಮ್ಮನೆ ಕೇಳಿದರು. ಮರುದಿನ ಬೆಳಗ್ಗೆ ಕೇಪಿನ ಕೋವಿಯ ಉಳಿದ ಈಡನ್ನು ಖಾಲಿ ಗುಡ್ಡೆಯ ಧರೆಗೆ ಬಿಟ್ಟು ಬಂದರು. ಕೋವಿಗಳು ಈಗ ಕಬ್ಬಿಣದ ಕಪಾಟಿನಲ್ಲಿವೆ. ತೋಟಾ, ಮದ್ದು, ಕೇಪುಗಳು ಬೇರೆ ಪೆಟ್ಟಿಗೆಯಲ್ಲಿ, ಎರಡು ಬೀಗ, ಎರಡೂ ಕೀಲಿಕೈ ಅಪ್ಪನ ಹತ್ತಿರ. ಮಂಗ ಬಂದಾಗ ಐದು ನಿಮಿಷ ತಡವಾಗುತ್ತದೆ ಎಂದು ಅಜ್ಜಿಯ ದೂರು. ಐದು ನಿಮಿಷಕ್ಕೆ ಹೋಗುವುದು ನಾಲ್ಕು ಬೊಂಡ.

ಕೋವಿ ಕೊಳ್ಳಲು ತೆಗೆದಿಟ್ಟ ಹಣ ಬ್ಯಾಂಕಿನಲ್ಲೇ ಇದೆ. ಅದರ ಒಂದು ಪಾಲು ಪರೀಕ್ಷೆ ಮುಗಿದ ಮೇಲೆ ಹೈದರಾಬಾದಿನ ಪ್ರಯಾಣಕ್ಕೆ, ಹತ್ತು ದಿನದ ಕಲಿಕೆಗೆ. ಹುಡುಗಿ ಸಂಜೆ ಅಂಗಳದಲ್ಲಿ ನಿಂತು, ಗೂಡಿಗೆ ಮರಳುವ ಬೆಳ್ಳಕ್ಕಿಗಳ ಮುಂದೆ ಮುಂದೆ ಎಡಗೈಯ ಬೆರಳನ್ನು ಓಡಿಸುತ್ತಾಳೆ.